ಕರಾವಳಿಯ ಹಳೆಯ ಮಾರುತಿ: ತುಕ್ಕಿಗೆ ನಾಲ್ಕು ಲೇಪ, ಎರಡು ಮಳೆಗಾಲ

ನಮ್ಮ ಮನೆಯ ಮಾರುತಿ 800 ನೋಂದಣಿಯಾದದ್ದು 1998ರಲ್ಲಿ. ಎಂಜಿನ್ನಿನ ವಿಷಯದಲ್ಲಿ ಅದು ನನಗೆ ದೊಡ್ಡ ತೊಂದರೆ ಕೊಟ್ಟಿಲ್ಲ. 796 ಸಿಸಿಯ ಆ ಮೂರು ಸಿಲಿಂಡರ್ ಎಂಜಿನ್ನಿನ ಬಿಡಿಭಾಗಗಳು ಕುಂದಾಪುರದಂಥ ಊರಿನಲ್ಲೂ ಸಿಗುತ್ತವೆ. ಕಾರ್ಬುರೇಟರ್ ಬಿಚ್ಚಿ ತೊಳೆದು ಕೂರಿಸುವುದನ್ನು ತಾಳ್ಮೆಯಿದ್ದವರು ಮನೆಯಂಗಳದಲ್ಲೇ ಕಲಿಯಬಹುದು. ಆದರೆ ಕರಾವಳಿಯಲ್ಲಿ ಹಳೆಯ ಕಾರು ಎಂಜಿನ್ ಕೆಟ್ಟು ಗುಜರಿಗೆ ಹೋಗುವುದು ಕಡಿಮೆ, ತಳ ತಿಂದುಹೋಗಿ ಹೋಗುವುದೇ ಹೆಚ್ಚು. ಈ ಕಾರಿಗೆ ಲಾರಿ, ಜೀಪುಗಳಂತೆ ಬೇರೆ ಚಾಸಿಸ್ ಇಲ್ಲ. ತಗಡಿನ ಮೈಯೇ ಅದರ ಬೆನ್ನೆಲುಬು. ಫ್ಲೋರ್ ಮತ್ತು ಬಾಗಿಲಿನ ಕೆಳಗಿನ ಟೊಳ್ಳು ರನ್ನಿಂಗ್ ಬೋರ್ಡ್ ಸೊರಗಿದರೆ ಕಾರಿನ ಬಲವೇ ಹೋದಂತೆ.

ನಾನು ವಾರಕ್ಕೆ ಎರಡು ಸಲವಾದರೂ ಮರವಂತೆಯ ದಾರಿಯಲ್ಲಿ ಹೋಗಿಬರುವವನು. ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ ಇರುವ ಆ ಹೆದ್ದಾರಿಯಲ್ಲಿ ಮಳೆಗಾಲದ ಗಾಳಿ ಬೀಸಿದಾಗ ಗಾಜಿನ ಮೇಲೆ ಉಪ್ಪಿನ ತೆಳುಪೊರೆ ಕೂರುವುದನ್ನು ಕಣ್ಣಾರೆ ಕಾಣಬಹುದು. ಇದರ ಜೊತೆಗೆ ಮೀನಿನ ಲಾರಿಗಳಿಂದ ರಸ್ತೆಗೆ ಸುರಿಯುವ ಉಪ್ಪುನೀರು ಹಿಂದೆ ಬರುವ ವಾಹನಗಳ ಹೊಟ್ಟೆಗೆ ಚಿಮ್ಮುತ್ತದೆ. ಬರಿಯ ನೀರಿಗಿಂತ ಉಪ್ಪುನೀರಿನಲ್ಲಿ ಕಬ್ಬಿಣ ಎಷ್ಟೋ ಬೇಗ ತುಕ್ಕು ಹಿಡಿಯುತ್ತದೆಂಬುದನ್ನು ಇಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ.

2018ರಲ್ಲಿ ನೋಂದಣಿ ನವೀಕರಣದ ಹೊತ್ತಿಗೆ ಒಂದು ಗ್ಯಾರೇಜಿನಲ್ಲಿ ಕಾರಿನ ತಳಕ್ಕೆಲ್ಲ ಡಾಂಬರಿನ ಅಂಡರ್‌ಬಾಡಿ ಕೋಟಿಂಗ್ ಹೊಡೆಸಿದ್ದೆ. ಇನ್ನು ಹತ್ತು ವರ್ಷ ಚಿಂತೆಯಿಲ್ಲವೆಂದು ಅವರು ಹೇಳಿದರು, ನಾನೂ ನಂಬಿದೆ. 2022ರ ಮಳೆ ಮುಗಿದ ಮೇಲೆ ಎಡಗಡೆಯ ಮುಂದಿನ ಸೀಟಿನ ಮ್ಯಾಟು ಒದ್ದೆಯಾಗಿರುವುದನ್ನು ಕಂಡು, ಸೀಟು ಬಿಚ್ಚಿ, ಕೆಳಗೆ ಮಲಗಿ ಪುಟ್ಟಿ ಕತ್ತಿಯಿಂದ ಆ ಕಪ್ಪು ಪದರವನ್ನು ಎಬ್ಬಿಸಿದೆ. ಅಂಗೈಯಗಲದ ಹಾಳೆ ಒಂದೇ ತುಂಡಾಗಿ ಕಳಚಿ ಕೈಗೆ ಬಂತು. ಅದರ ಒಳಮೈಯಲ್ಲಿ ಕಂದು ನೀರು ಇನ್ನೂ ಜಿನುಗುತ್ತಿತ್ತು, ತಗಡಿನ ಪೊರೆಗಳು ನೆನೆದ ಹಪ್ಪಳದಂತೆ ಅದಕ್ಕೇ ಅಂಟಿಕೊಂಡಿದ್ದವು. ಪಕ್ಕದಲ್ಲಿ ಗಟ್ಟಿಯಾಗಿ ಕಾಣುತ್ತಿದ್ದ ಜಾಗವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಟಣ್ ಎನ್ನುವ ಬದಲು ದಬ್ ಎಂದಿತು. ಅದರ ಮೊನೆಯಿಂದ ಒತ್ತಿದಾಗ ಅದು ನೇರವಾಗಿ ಕಾರಿನ ಒಳಕ್ಕೆ ಹೊಕ್ಕಿತು.

ತುಕ್ಕಿನ ಮೇಲೆಯೇ ಲೇಪ ಬಳಿದದ್ದು ಒಂದು ತಪ್ಪು. ಅದಕ್ಕಿಂತ ದೊಡ್ಡ ತಪ್ಪೊಂದು ಆಮೇಲೆ ಹೊಳೆಯಿತು. ನಮ್ಮ ಕಾರಿನ ತಳಕ್ಕೆ ನೀರು ಬರುತ್ತಿದ್ದದ್ದು ಕೆಳಗಿನಿಂದ ಮಾತ್ರವಲ್ಲ. ಮುಂಗಾಜಿನ ರಬ್ಬರು ಗಟ್ಟಿಯಾಗಿ ಮೂಲೆಯಲ್ಲಿ ಸೀಳಿದ್ದರಿಂದ, ಬಾಗಿಲಿನ ಕೆಳಗಿನ ನೀರು ಹೋಗುವ ರಂಧ್ರಗಳು ಮಣ್ಣಿನಿಂದ ಮುಚ್ಚಿದ್ದರಿಂದ, ಮೇಲಿನಿಂದ ಇಳಿದ ನೀರು ಮ್ಯಾಟಿನ ಕೆಳಗಿನ ದಪ್ಪ ಫೆಲ್ಟಿನಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತಿತ್ತು. ಅದು ಹೊರಹೋಗಲು ಫ್ಲೋರಿನಲ್ಲಿ ಇದ್ದ ದಾರಿಗಳನ್ನೂ ರನ್ನಿಂಗ್ ಬೋರ್ಡಿನ ಕೆಳರಂಧ್ರಗಳನ್ನೂ ಡಾಂಬರು ಮುಚ್ಚಿಬಿಟ್ಟಿತ್ತು. ಆದ್ದರಿಂದ ಯಾವ ಲೇಪವನ್ನು ಅಳೆಯುವಾಗಲೂ, ಅದು ನೀರನ್ನು ಎಷ್ಟು ತಡೆಯುತ್ತದೆ ಎಂಬುದರ ಜೊತೆಗೆ, ಒಳಬಂದ ನೀರನ್ನು ಹೊರಬಿಡುತ್ತದೆಯೇ, ಅಡಿಯಲ್ಲಿ ಏನಾಗುತ್ತಿದೆ ಎಂದು ನೋಡಲು ಬಿಡುತ್ತದೆಯೇ ಎಂದು ಕೇಳತೊಡಗಿದೆ.

ತೂತು ಬಿದ್ದ ಕಡೆ ಟಿಂಕರಿಂಗ್ ಕೆಲಸದವರಿಂದ ಹೊಸ ತಗಡು ಕತ್ತರಿಸಿ ವೆಲ್ಡ್ ಮಾಡಿಸಿದೆ. ಆ ಕೆಲಸ ನನ್ನ ಕೈಗೆ ಮೀರಿದ್ದು, ಪೆಟ್ರೋಲಿನ ಪೈಪು ತಳದಲ್ಲೇ ಹಾದುಹೋಗುವ ಕಾರಿನಲ್ಲಿ ಅನುಭವವಿಲ್ಲದವರು ಅದಕ್ಕೆ ಕೈಹಾಕಲೂಬಾರದು. 2023ರ ಜನವರಿಯಲ್ಲಿ ಉಳಿದ ತಳವನ್ನು ಬಲಕ್ಕೆ ನಾಲ್ಕು, ಎಡಕ್ಕೆ ನಾಲ್ಕು ತುಂಡುಗಳಾಗಿ ಸೀಮೆಸುಣ್ಣದಿಂದ ಗುರುತು ಹಾಕಿ, ನಾಲ್ಕು ಬಗೆಯ ಲೇಪಗಳನ್ನು ಎರಡೂ ಬದಿಗೆ ಹಚ್ಚಿದೆ. ಕಿರಿದಾದ ಊರ ರಸ್ತೆಗಳಲ್ಲಿ ಎದುರಿನ ಬಸ್ಸಿಗೆ ದಾರಿ ಬಿಡಲು ನಾವು ಇಳಿಸುವುದು ಎಡಚಕ್ರಗಳನ್ನು, ಹಾಗಾಗಿ ಎಡಬದಿಗೆ ಕೆಸರಿನ ಪಾಲು ಹೆಚ್ಚು. ಮುಂಚಕ್ರದ ಹಿಂದಿನ ಜಾಗಕ್ಕೆ ಕಲ್ಲಿನ ಏಟು ಹೆಚ್ಚು. ಅದಕ್ಕಾಗಿ ಬಲಬದಿಯಲ್ಲಿ ಲೇಪಗಳ ಸಾಲನ್ನು ತಿರುವುಮುರುವು ಮಾಡಿದೆ.

ನಾಲ್ಕಕ್ಕೂ ಪೂರ್ವತಯಾರಿ ಒಂದೇ. ಕಾರನ್ನು ಗಟ್ಟಿನೆಲದ ಮೇಲೆ ಎತ್ತಿ ನಾಲ್ಕು ಸ್ಟ್ಯಾಂಡುಗಳ ಮೇಲೆ ಕೂರಿಸಿದೆ. ಮಾರುತಿ ಹಗುರ ಎನ್ನುತ್ತಾರೆ, ಆದರೂ ಆರುನೂರು ಕಿಲೋ ದಾಟುತ್ತದೆ. ಬರಿಯ ಜಾಕನ್ನು ನಂಬಿ ಅದರ ಕೆಳಗೆ ತಲೆ ಇಡಬೇಡಿರೆಂದು ಕೈಮುಗಿದು ಕೇಳುತ್ತೇನೆ. ಹಳೆಯ ಡಾಂಬರನ್ನು ಕೆರೆದು, ವೈರ್ ಬ್ರಶ್ ಮತ್ತು 80ನೆಯ ನಂಬರಿನ ಎಮೆರಿ ಕಾಗದದಿಂದ ಉಜ್ಜಿದೆ. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲೇಬೇಕು, ಏಕೆಂದರೆ ಉದುರುವುದೆಲ್ಲ ಮುಖಕ್ಕೇ. ನಂತರ ಬಾವಿಯ ಸಿಹಿನೀರಿನಿಂದ ಮೂರು ಸಲ ತೊಳೆದೆ. ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ. ತುಕ್ಕಿನ ಸಣ್ಣ ಕುಳಿಗಳಲ್ಲಿ ಕುಳಿತ ಉಪ್ಪು ಉಜ್ಜಿದರೆ ಹೋಗುವುದಿಲ್ಲ, ನೀರಿನಲ್ಲಿ ಕರಗಿಯೇ ಹೋಗಬೇಕು. ಅದನ್ನು ಒಳಗಿಟ್ಟು ಬಣ್ಣ ಬಳಿದರೆ ಬಣ್ಣದ ಅಡಿಯಲ್ಲಿ ಕಬ್ಬಿಣವನ್ನು ತಿನ್ನುತ್ತಲೇ ಇರುತ್ತದೆ. ಎರಡು ದಿನ ಒಣಗಲು ಬಿಟ್ಟು ಥಿನ್ನರಿನಿಂದ ಒರೆಸಿದೆ. ನಮ್ಮಲ್ಲಿ ಗಾಳಿಯ ತೇವ ಕಡಿಮೆಯಿರುವುದು ಡಿಸೆಂಬರಿನಿಂದ ಫೆಬ್ರವರಿಯವರೆಗೆ ಮಾತ್ರ. ಮಳೆ ಹತ್ತಿರ ಬಂತೆಂದು ಮೇ ತಿಂಗಳಲ್ಲಿ ಅವಸರ ಮಾಡಿದರೆ ಬೆವರಿದ ತಗಡಿನ ಮೇಲೆ ಬಣ್ಣ ಬಳಿದಂತಾಗುತ್ತದೆ.

ಮೊದಲನೆಯದು ಡಾಂಬರಿನ ಲೇಪವೇ. ಹಿಂದಿನ ಕಹಿ ಮರೆತು, ಸ್ವಚ್ಛ ತಗಡಿನ ಮೇಲೆ ಪ್ರೈಮರ್ ಇಲ್ಲದೆ, ಡಬ್ಬಿಯ ಮೇಲೆ ಹೇಳಿದಂತೆಯೇ ಬಳಿದೆ. ಎರಡನೆಯದು ಮನೆಯ ಕಿಟಕಿ ಸರಳಿಗೂ ಗೇಟಿಗೂ ಬಳಿಯುವ ರೆಡ್ ಆಕ್ಸೈಡ್ ಪ್ರೈಮರ್ ಎರಡು ಕೋಟು, ಅದರ ಮೇಲೆ ಎನಾಮಲ್ ಎರಡು ಕೋಟು. ಮೂರನೆಯದು ತುಕ್ಕನ್ನು ಪರಿವರ್ತಿಸುವ ದ್ರಾವಣ, ಅದರ ಮೇಲೆ ಹಾರ್ಡ್‌ನರ್ ಬೆರೆಸುವ ಎಪಾಕ್ಸಿ ಪ್ರೈಮರ್, ಮೇಲೊಂದು ಪಿಯು (ಪಾಲಿಯುರೆಥೇನ್) ಪೇಂಟು. ನಾಲ್ಕನೆಯದು ಗ್ರೀಸನ್ನು ಹೊಸ ಎಂಜಿನ್ ಆಯಿಲಿನಲ್ಲಿ ಕಲಸಿ ದೋಸೆಹಿಟ್ಟಿನ ಹದಕ್ಕೆ ತಂದ ಲೇಪ. ಕೈ ತೂರದ ಟೊಳ್ಳುಗಳಿಗೆ ಮಾತ್ರ ಅಂಗಡಿಯಲ್ಲಿ ಸಿಗುವ ಮೇಣದ ಸ್ಪ್ರೇ. ಸುಟ್ಟ ಎಂಜಿನ್ ಆಯಿಲನ್ನೇ ತಳಕ್ಕೆ ಹೊಡೆಯುವ ರೂಢಿ ನಮ್ಮ ಲಾರಿಗಳಲ್ಲಿ ಹಿಂದಿನಿಂದಲೂ ಇದೆ. ಅದನ್ನು ನಾನು ಪರೀಕ್ಷೆಗೇ ತೆಗೆದುಕೊಳ್ಳಲಿಲ್ಲ. ಆ ಎಣ್ಣೆಯಲ್ಲಿ ಚರ್ಮಕ್ಕೆ ವಿಷವಾದದ್ದು ಸಾಕಷ್ಟಿರುತ್ತದೆ, ಮೊದಲ ಮಳೆಗೇ ಅದು ತೊಟ್ಟಿಕ್ಕಿ ಸೇರುವುದು ಅಂಗಳಕ್ಕೆ ಮತ್ತು ಅಲ್ಲಿಂದ ಬಾವಿಗೆ.

ಪರಿವರ್ತಕದ ಬಗ್ಗೆ ನಾಲ್ಕು ಮಾತು ಹೆಚ್ಚು ಹೇಳಬೇಕು. ಮಾರುಕಟ್ಟೆಯಲ್ಲಿ ಎರಡು ಬಗೆಯವು ಸಿಗುತ್ತವೆ. ಫಾಸ್ಫಾರಿಕ್ ಆಮ್ಲದ್ದು ತುಕ್ಕನ್ನು ಕಬ್ಬಿಣದ ಫಾಸ್ಫೇಟಾಗಿ ಮಾರ್ಪಡಿಸುತ್ತದೆ. ಟ್ಯಾನಿಕ್ ಆಮ್ಲದ್ದು ತುಕ್ಕಿನೊಡನೆ ಕೂಡಿ ನೀಲಿಗಪ್ಪು ಬಣ್ಣದ ಗಟ್ಟಿ ಪೊರೆ ಕಟ್ಟುತ್ತದೆ. ಈ ಎರಡನೆಯದನ್ನು ಹಚ್ಚಿ, ಕೆಂಪು ತಗಡು ಕಣ್ಣೆದುರೇ ಕಪ್ಪಾಗುವುದನ್ನು ನೋಡುತ್ತಿದ್ದಾಗ ಅಳಲೆಕಾಯಿಯ ಮಸಿ ನೆನಪಾಯಿತು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ ಹಿಂದಿನವರು ಶಾಯಿ ಮಾಡುತ್ತಿದ್ದದ್ದು ಇದೇ ರಸಾಯನದಿಂದ. ಕಾಯಿಯ ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪು. ಎಡಬದಿಗೆ ಟ್ಯಾನಿಕ್, ಬಲಬದಿಗೆ ಫಾಸ್ಫಾರಿಕ್ ಬಳಸಿದೆ. ಎರಡೂ ಕೆಲಸ ಮಾಡುವುದು ತಗಡಿಗೆ ಬಿಗಿಯಾಗಿ ಅಂಟಿದ ತೆಳು ತುಕ್ಕಿನ ಮೇಲೆ ಮಾತ್ರ. ಪದರು ಪದರಾಗಿ ಎದ್ದ ತುಕ್ಕಿನ ಮೇಲೆ ಸುರಿದರೆ ಮೇಲಿನ ಪೊರೆ ಕಪ್ಪಾಗುತ್ತದೆ, ಒಳಗಿನದು ಹಾಗೇ ಉಳಿಯುತ್ತದೆ.

2023 ರಾಜ್ಯದ ಬಹುಭಾಗಕ್ಕೆ ಬರ ಬಿದ್ದ ವರ್ಷ. ಜೂನ್ ತಿಂಗಳಿನಲ್ಲಿ ನಮ್ಮಲ್ಲೂ ಮಳೆ ಕೈಕೊಟ್ಟಿತು. ಆ ವರ್ಷದ ಕೊನೆಗೆ ಕೆಳಗೆ ಮಲಗಿ ನೋಡಿದಾಗ ಎಂಟು ತುಂಡುಗಳಲ್ಲಿ ಏಳು ಚೆನ್ನಾಗಿಯೇ ಕಂಡವು. ಅಂದೇ ತೀರ್ಪು ಬರೆದಿದ್ದರೆ ತಪ್ಪು ಬರೆದಿರುತ್ತಿದ್ದೆ. 2024ರ ಜುಲೈಯಲ್ಲಿ, ಅಂಕೋಲಾ ಬಳಿಯ ಶಿರೂರಿನ ಗುಡ್ಡ ಇದೇ ಹೆದ್ದಾರಿಯ ಮೇಲೆ ಕುಸಿದ ಆ ಮಳೆಯಲ್ಲಿ, ಆಟಿಯುದ್ದಕ್ಕೂ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಕಾರಿನ ತಳ ಒಂದು ದಿನವೂ ಒಣಗಲಿಲ್ಲ. ನವೆಂಬರಿನಲ್ಲಿ ಮತ್ತೆ ಎತ್ತಿ ನೋಡಿದಾಗ ವ್ಯತ್ಯಾಸ ಎದ್ದು ಕಾಣುತ್ತಿತ್ತು.

ರೆಡ್ ಆಕ್ಸೈಡ್ ಮೊದಲು ಸೋತಿತು. ಮೊದಲ ವರ್ಷವೇ ಕೆಟ್ಟಿದ್ದ ಆ ಒಂದು ತುಂಡು ಇದರದೇ, ಮುಂಚಕ್ರದ ಹಿಂದಿನದು. ಗೇಟಿನ ಮೇಲೆ ವರ್ಷಗಟ್ಟಲೆ ಬಾಳುವ ಈ ಪ್ರೈಮರಿಗೆ ಗೇಟಿನಲ್ಲಿ ಕಲ್ಲಿನ ಏಟಿಲ್ಲ. ಇಲ್ಲಿ ಎನಾಮಲ್ ಚಕ್ಕೆ ಎದ್ದಲ್ಲೆಲ್ಲ ನೀರು ನೇರವಾಗಿ ಪ್ರೈಮರಿನೊಳಗೆ ಇಳಿದು, ಸಾಸಿವೆ ಕಾಳಿನಷ್ಟಿದ್ದ ಚುಕ್ಕಿ ಎರಡನೆಯ ವರ್ಷಕ್ಕೆ ಎಂಟಾಣೆಯಷ್ಟಾಗಿತ್ತು. ಅಗ್ಗ, ಕೆಲಸ ಸುಲಭ, ಎಲ್ಲ ಊರಿನಲ್ಲೂ ಸಿಗುತ್ತದೆ. ಕಾರಿನ ಒಳಗೆ, ಮ್ಯಾಟಿನ ಅಡಿಯ ಫ್ಲೋರಿಗೆ ಅದು ಸಾಕು, ತಳಕ್ಕೆ ಸಾಲದು.

ಡಾಂಬರಿನ ವಿಷಯದಲ್ಲಿ ನ್ಯಾಯವಾಗಿ ಹೇಳಬೇಕಾದದ್ದಿದೆ. ತುಂಡಿನ ನಡುಭಾಗದಲ್ಲಿ ಅದು ಕಲ್ಲಿನ ಏಟನ್ನು ಬೇರೆ ಯಾವುದಕ್ಕಿಂತ ಚೆನ್ನಾಗಿ ತಾಳಿಕೊಂಡಿತು, ರಸ್ತೆಯ ಸದ್ದನ್ನೂ ತಗ್ಗಿಸಿತು. ಆದರೆ ಎರಡು ತಗಡುಗಳು ಕೂಡುವ ಬೆಸುಗೆಯ ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟಿತ್ತು. ಹೊರಗಿನಿಂದ ನೋಡಿದರೆ ಏನೂ ಆಗಿರಲಿಲ್ಲ. ಕತ್ತಿಯಿಂದ ಅಂಚನ್ನು ಎಬ್ಬಿಸಿದಾಗ ಒಳಗೆ ಎರಡು ಬೆರಳಗಲ ತುಕ್ಕು ಹಬ್ಬಿತ್ತು. ತಾನು ಸೋತದ್ದನ್ನು ತೋರಿಸದ ಲೇಪ ಎಂಬುದೇ ಇದರ ಮೇಲಿನ ನನ್ನ ದೊಡ್ಡ ದೂರು.

ಎಪಾಕ್ಸಿಯ ಜೋಡಿ ತೆರೆದ ತಗಡಿನ ಮೇಲೆ ನಿಸ್ಸಂದೇಹವಾಗಿ ಗೆದ್ದಿತು. ಎಡಬದಿಯ ತುಂಡು, ಕೆಸರಿನ ಪಾಲು ಹೆಚ್ಚಿದ್ದರೂ, ತೊಳೆದಾಗ ಬಳಿದ ದಿನದಂತೆಯೇ ಇತ್ತು. ಬಲಬದಿಯಲ್ಲಿ ಒಂದು ಮೂಲೆಯಲ್ಲಿ ಗುಳ್ಳೆಗಳೆದ್ದಿದ್ದವು, ಅದಕ್ಕೆ ಕಾರಣ ನಾನೇ: ಫಾಸ್ಫಾರಿಕ್ ಆಮ್ಲದ ಉಳಿಕೆಯನ್ನು ಆ ಮೂಲೆಯಲ್ಲಿ ಸರಿಯಾಗಿ ತೊಳೆದು ಒಣಗಿಸಿರಲಿಲ್ಲ. ಆಮ್ಲ ಉಳಿದರೆ ಎಪಾಕ್ಸಿ ತಗಡಿಗೆ ಕಚ್ಚುವುದಿಲ್ಲ. ಖರ್ಚು ರೆಡ್ ಆಕ್ಸೈಡಿನ ಸುಮಾರು ಮೂರು ಪಟ್ಟು. ಬೆರೆಸಿದ ಪ್ರೈಮರನ್ನು ಕೆಲವೇ ಗಂಟೆಗಳಲ್ಲಿ ಬಳಸಿ ಮುಗಿಸಬೇಕು, ಇಲ್ಲದಿದ್ದರೆ ಡಬ್ಬಿಯಲ್ಲೇ ಕಲ್ಲಾಗುತ್ತದೆ. ತೆರೆದ ಜಾಗದಲ್ಲಿ, ಕೈಗವಸು ಮತ್ತು ಆವಿ ತಡೆಯುವ ಮಾಸ್ಕ್ ಹಾಕಿಯೇ ಈ ಕೆಲಸ ಮಾಡಬೇಕು.

ಗ್ರೀಸಿನ ಲೇಪ ನೋಡಲು ಅಸಹ್ಯ. ಧೂಳು ಹಿಡಿದು ಮೊದಲ ತಿಂಗಳಲ್ಲೇ ಕೊಳಕಾಯಿತು, ಚಕ್ರದ ಹಿಂದಿನ ಜಾಗದಿಂದ ಆಟಿ ಮುಗಿಯುವ ಹೊತ್ತಿಗೆ ತೊಳೆದು ಹೋಗಿತ್ತು. ಅಷ್ಟು ನೋಡಿ ಇದನ್ನು ತಳ್ಳಿಹಾಕಬೇಕೆಂದೇ ಇದ್ದೆ. ಆದರೆ ಬೆಸುಗೆಯ ಸಂದುಗಳನ್ನು ಬಟ್ಟೆಯಿಂದ ಒರೆಸಿ ನೋಡಿದಾಗ, ಡಾಂಬರು ಎಲ್ಲಿ ಸೋಲಲು ತೊಡಗಿತ್ತೋ ಅಲ್ಲೇ ಇದರ ಅಡಿಯ ತಗಡು ಮಿಂಚುತ್ತಿತ್ತು. ಒಣಗಿ ಗಟ್ಟಿಯಾಗದ ಲೇಪಕ್ಕೆ ಬಿರುಕು ಎಂಬುದಿಲ್ಲ. ಅದು ಸಂದಿಗೆ ತಾನೇ ಹರಿದು ಸೇರುತ್ತದೆ. ರನ್ನಿಂಗ್ ಬೋರ್ಡಿನ ಟೊಳ್ಳಿನೊಳಗೆ ಮೇಣದ ಸ್ಪ್ರೇ ಹಾಯಿಸಿದ್ದೆನಷ್ಟೆ. ಅಲ್ಲಿ ಇದಕ್ಕೆ ಎದುರಾಳಿಯೇ ಇಲ್ಲ, ಬ್ರಶ್ ತೂರದ ಜಾಗಕ್ಕೆ ಎಪಾಕ್ಸಿ ಹೋಗುವುದಾದರೂ ಹೇಗೆ? ಬ್ರೇಕಿಗೆ, ರಬ್ಬರ್ ಬುಶ್‌ಗಳಿಗೆ, ಸೈಲೆನ್ಸರ್ ಪೈಪಿಗೆ ಇದು ತಾಗದಂತೆ ಕಾಯ್ದುಕೊಳ್ಳಬೇಕು. ಪ್ರತಿ ಮೇ ತಿಂಗಳಲ್ಲಿ ಒಂದು ಬೆಳಗಿನ ಎರಡು ಗಂಟೆ ಕೊಟ್ಟು ಮತ್ತೆ ಹಚ್ಚಬೇಕು. ಹಚ್ಚುವ ನೆವದಲ್ಲಿ ವರ್ಷಕ್ಕೊಮ್ಮೆ ತಳವನ್ನು ಇಂಚಿಂಚು ನೋಡಿದಂತಾಗುತ್ತದೆ ಎಂಬುದನ್ನು ನಾನು ಇದರ ಗುಣವೆಂದೇ ಎಣಿಸುತ್ತೇನೆ.

ಹೀಗಾಗಿ ನಾನು ಒಂದನ್ನೇ ಆರಿಸಲಿಲ್ಲ. ಈಗ ನಮ್ಮ ಕಾರಿನ ತೆರೆದ ತಗಡಿಗೆಲ್ಲ ಟ್ಯಾನಿಕ್ ಪರಿವರ್ತಕ ಮತ್ತು ಎಪಾಕ್ಸಿ. ಮಡ್‌ಗಾರ್ಡಿನ ಒಳಮೈಯಲ್ಲಿ ಮಾತ್ರ, ಎಪಾಕ್ಸಿಯ ಮೇಲೆ, ಕಲ್ಲಿನ ಏಟಿಗಾಗಿ ತೆಳುವಾಗಿ ಡಾಂಬರು. ಸಂದುಗಳಿಗೆ ಗ್ರೀಸು, ಟೊಳ್ಳುಗಳಿಗೆ ಮೇಣ. ಲೇಪ ಹಚ್ಚುವ ಮೊದಲು ಪ್ರತಿಯೊಂದು ರಂಧ್ರಕ್ಕೂ ತೆಂಗಿನ ಗರಿಯ ಕಡ್ಡಿ ಚುಚ್ಚಿಟ್ಟು, ಒಣಗಿದ ಮೇಲೆ ಕಿತ್ತೆ, ಎಲ್ಲವೂ ತೆರೆದಿವೆ. ಮುಂಗಾಜಿಗೆ ಹೊಸ ರಬ್ಬರು ಹಾಕಿಸಿದ್ದೇನೆ, ಫೆಲ್ಟನ್ನು ಕಿತ್ತೆಸೆದು ಬರಿಯ ರಬ್ಬರ್ ಮ್ಯಾಟು ಹಾಸಿದ್ದೇನೆ. ಮಳೆಗಾಲದಲ್ಲಿ ಮರವಂತೆಯಿಂದ ಬಂದ ದಿನ ಪೈಪಿನಿಂದ ತಳಕ್ಕೆ ಐದು ನಿಮಿಷ ಸಿಹಿನೀರು ಬಿಡುತ್ತೇನೆ.

2023ರ ಆಗಸ್ಟಿನಲ್ಲಿ ನೋಂದಣಿಯನ್ನು ಮತ್ತೆ ಐದು ವರ್ಷಕ್ಕೆ ನವೀಕರಿಸಿದ್ದೇನೆ. ಹಿಂದೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲಿನಿಂದ 5,000 ಆಗಿತ್ತು. ಬಲಬದಿಯಲ್ಲಿ ಪರೀಕ್ಷೆಯ ಹಳೆಯ ಡಾಂಬರಿನ ತುಂಡೊಂದು ಇನ್ನೂ ಉಳಿದಿದೆ. ಅದನ್ನು ಬರುವ ಜನವರಿಯಲ್ಲಿ, ಗಾಳಿ ಒಣಗಿದ ಕೂಡಲೇ, ಕೆರೆದು ತೆಗೆಯಬೇಕು.