ಜರ್ಮನಿಯಲ್ಲಿ ಒಂದು ಸೆಮಿಸ್ಟರ್: ಹಾಸ್ಟೆಲ್, ವೇಗೇ (ಹಂಚಿಕೊಂಡ ಮನೆ), ಸ್ಟುಡಿಯೋ – ಕೊನೆಗೆ ಯಾವುದು ಎಷ್ಟಕ್ಕೆ ಬೀಳುತ್ತದೆ?

ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ಮೊದಲೇ ದುಡ್ಡು ತುಂಬಿಟ್ಟು ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆಯಲ್ಲಿ, ತೋರಿಸಬೇಕಾದದ್ದು 2024ರ ಸೆಪ್ಟೆಂಬರಿನಲ್ಲಿ ಏರಿಸಿದ ದರದಂತೆ ತಿಂಗಳಿಗೆ 992 ಯೂರೋ, ವರ್ಷಕ್ಕೆ 11,904. ಈ 992ರಲ್ಲಿ ಆರೋಗ್ಯ ವಿಮೆಗೆ ಹತ್ತಿರಹತ್ತಿರ 150 ಹೋಗುತ್ತದೆ. ರೇಡಿಯೋ-ಟಿವಿ ಶುಲ್ಕ 18.36, ಮೊಬೈಲಿಗೆ 10, ವಿದ್ಯಾರ್ಥಿಗಳ ರೈಲು-ಬಸ್ಸಿನ ಸೆಮಿಸ್ಟರ್ ಟಿಕೆಟಿಗೆ 35ರಿಂದ 40. ಕೈಯಲ್ಲಿ ಉಳಿಯುವುದು 780ರ ಆಸುಪಾಸು. ಬಾಡಿಗೆ 350 ಇದ್ದರೆ ಊಟ, ಬಟ್ಟೆ, ತಿರುಗಾಟ ಎಲ್ಲಕ್ಕೂ 430 ಸಿಗುತ್ತದೆ. ಬಾಡಿಗೆ 700 ಆದರೆ ಸಿಗುವುದು 80. ಉಳಿದ ಯಾವ ಖರ್ಚನ್ನು ಎಷ್ಟೇ ಹಿಡಿದರೂ ತಿಂಗಳಿಗೆ ಐವತ್ತೋ ನೂರೋ ಉಳಿದೀತು. ತಿಂಗಳ ಗತಿ ತೀರ್ಮಾನವಾಗುವುದು ಮನೆಯಲ್ಲೇ.

ನಾವು ಕೆಲವರು ಬೇರೆಬೇರೆ ಬಗೆಯ ಮನೆಗಳಲ್ಲಿ ಇದ್ದು ಲೆಕ್ಕ ಇಟ್ಟು ನೋಡಿದ ಮೇಲೆ ಹೇಳುವ ಮಾತು ಇದು: ಜಾಹೀರಾತಿನಲ್ಲಿ ಕಾಣುವ ಬಾಡಿಗೆ ಇಟ್ಟುಕೊಂಡು ಹೋಲಿಸಬೇಡಿ. ಎಷ್ಟು ತಿಂಗಳಿಗೆ ದುಡ್ಡು ಕಟ್ಟಬೇಕು, ವಿಳಾಸ ನೋಂದಣಿ ಆಗುತ್ತದೆಯೇ, ಡಿಪಾಸಿಟ್ ಯಾವಾಗ ಕೈಗೆ ಬರುತ್ತದೆ, ಈ ಮೂರನ್ನೂ ಸೇರಿಸಿ ನೋಡಿ. ಪೂರ್ತಿ ಪದವಿಗೆ ಹೋಗುವವರಿಗೆ ಸರಿಯಾಗುವ ಮನೆ ಐದಾರು ತಿಂಗಳಿಗೆ ಹೋಗುವವರಿಗೆ ಸರಿಯಾಗಬೇಕೆಂದಿಲ್ಲ.

ಸರ್ಕಾರಿ ಸಂಸ್ಥೆಯ ಹಾಸ್ಟೆಲ್

ಪ್ರತಿ ಊರಿನ ವಿದ್ಯಾರ್ಥಿ ಹಾಸ್ಟೆಲ್‌ಗಳನ್ನೂ ಮೆನ್ಸಾ ಎಂಬ ಕ್ಯಾಂಟೀನುಗಳನ್ನೂ ನಡೆಸುವುದು ಸ್ಟುಡಿಯರೆಂಡೆನ್‌ವೆರ್ಕ್. ಊರು, ಕಟ್ಟಡ ನೋಡಿಕೊಂಡು ಕೋಣೆ 250ರಿಂದ 400 ಯೂರೋ ಒಳಗೆ ಸಿಗುತ್ತದೆ. ನೀರು, ಹೀಟರ್, ಕರೆಂಟು ಮತ್ತು ಬಹುತೇಕ ಕಡೆ ಇಂಟರ್ನೆಟ್ಟೂ ಅದರೊಳಗೇ. ಸಾಮಾನ್ಯ ಸಾಲಿನಲ್ಲಿ ಅರ್ಜಿ ಹಾಕಿದರೆ ಮ್ಯೂನಿಕ್‌ನಂಥ ಕಡೆ ಸರದಿ ಬರಲು ಒಂದಕ್ಕಿಂತ ಹೆಚ್ಚು ಸೆಮಿಸ್ಟರೇ ಬೇಕಾಗಬಹುದು. ಎಕ್ಸ್‌ಚೇಂಜ್‌ನವರಿಗೆ, ಅಂದರೆ ಇಲ್ಲಿಯ ಕಾಲೇಜಿನಿಂದ ಒಂದು ಸೆಮಿಸ್ಟರಿನ ಮಟ್ಟಿಗೆ ಹೋಗುವವರಿಗೆ, ಇರುವ ದಾರಿ ಬೇರೆ: ಅನೇಕ ವಿಶ್ವವಿದ್ಯಾಲಯಗಳು ತಮ್ಮ ಅಂತಾರಾಷ್ಟ್ರೀಯ ವಿಭಾಗದ ಮೂಲಕ ಒಂದಿಷ್ಟು ಕೋಣೆ ತೆಗೆದಿಟ್ಟಿರುತ್ತವೆ. ಆ ಅರ್ಜಿ ಪ್ರವೇಶದ ಅರ್ಜಿಯ ಜೊತೆಗೇ ಇರಬಹುದು, ಪ್ರತ್ಯೇಕ ಫಾರಂ ಆಗಿಯೂ ಇರಬಹುದು. ಆಯ್ಕೆ ಪತ್ರ ಬಂದ ದಿನವೇ ಆ ವಿಭಾಗಕ್ಕೆ ಬರೆದು ಕೇಳಿ. ಕೊನೆಯ ದಿನಾಂಕ ದಾಟಿದರೆ ಮತ್ತೆ ಸಿಗುವ ಭರವಸೆ ಇಲ್ಲ.

ದುಡ್ಡು ಸೋರುವುದು ಕರಾರಿನ ಅವಧಿಯಲ್ಲಿ. ಚಳಿಗಾಲದ ಸೆಮಿಸ್ಟರ್ ಲೆಕ್ಕದಲ್ಲಿ ಅಕ್ಟೋಬರ್ 1ರಿಂದ ಮಾರ್ಚ್ 31. ತರಗತಿ ಶುರುವಾಗುವುದು ಅಕ್ಟೋಬರ್ ಮಧ್ಯಕ್ಕೆ, ಮುಗಿಯುವುದು ಫೆಬ್ರವರಿ ಮೊದಲಿಗೆ. ಪರೀಕ್ಷೆ ಮುಗಿಸಿ ಫೆಬ್ರವರಿ ಕೊನೆಗೆ ಊರಿಗೆ ಹೊರಟರೂ ಕರಾರು ಮಾರ್ಚ್ ಕೊನೆಯವರೆಗೆ ಇರುತ್ತದೆ, ನಡುವೆ ಬಿಟ್ಟು ಹೋಗುವ ಹಕ್ಕು ಸಾಮಾನ್ಯವಾಗಿ ಇರುವುದಿಲ್ಲ. 320 ಯೂರೋ ಕೋಣೆಗೆ ಆರು ತಿಂಗಳಿಗೆ 1,920. ಇದ್ದದ್ದು ಐದು ತಿಂಗಳಾದರೆ ನಿಜವಾದ ಬಾಡಿಗೆ 384. ತಪ್ಪಿಸಿಕೊಳ್ಳಲು ಒಂದೇ ಉಪಾಯ, ಉಳಿದ ತಿಂಗಳಿಗೆ ಒಳಬಾಡಿಗೆದಾರರನ್ನು ಹುಡುಕಿ ಹಾಸ್ಟೆಲ್ ಕಚೇರಿಯ ಒಪ್ಪಿಗೆಯ ಮೇಲೆ ಕೊಡುವುದು. ಜನವರಿಯಲ್ಲೇ ಹುಡುಕಾಟ ಶುರು ಮಾಡಿದರೆ ಮಾರ್ಚಿಗೆ ಇಂಟರ್ನ್‌ಶಿಪ್‌ಗೆ ಬರುವವರು ಸಿಗುತ್ತಾರೆ.

ಇನ್ನೊಂದು ಸೋರಿಕೆ ರೇಡಿಯೋ-ಟಿವಿ ಶುಲ್ಕ. ಅದು ತಲೆಗಲ್ಲ, ಮನೆಗೆ. ಉದ್ದ ಕಾರಿಡಾರಿಗೆ ಬಾಗಿಲು ತೆರೆಯುವ ಕೋಣೆಯಾದರೆ ಪ್ರತಿ ಕೋಣೆಯೂ ಒಂದೊಂದು ಮನೆ ಎಂದೇ ಲೆಕ್ಕ, ಪ್ರತಿಯೊಬ್ಬರೂ 18.36 ಕಟ್ಟಬೇಕು. ಒಂದೇ ಮುಂಬಾಗಿಲಿನೊಳಗೆ ನಾಲ್ಕು ಕೋಣೆ, ಒಂದು ಅಡುಗೆಮನೆ ಇರುವ ಹಾಸ್ಟೆಲ್ ಫ್ಲ್ಯಾಟಾದರೆ ನಾಲ್ವರಿಗೂ ಸೇರಿ 18.36. ಕೋಣೆ ಆರಿಸಿಕೊಳ್ಳಲು ಅವಕಾಶವಿದ್ದರೆ ಎರಡನೆಯದನ್ನೇ ಕೇಳಿ.

ಕೋಣೆಯಲ್ಲಿ ಮಂಚ, ಹಾಸಿಗೆ, ಮೇಜು, ಬೀರು ಇರುತ್ತವೆ. ದಿಂಬು, ಹೊದಿಕೆ, ಪಾತ್ರೆ ಇರುವುದಿಲ್ಲ. ಕೀ ಕೊಡುವವರು ಹೌಸ್‌ಮೈಸ್ಟರ್, ಅವರು ಸಿಗುವುದು ವಾರದ ದಿನಗಳಲ್ಲಿ, ಗೊತ್ತಾದ ಗಂಟೆಗಳಲ್ಲಿ ಮಾತ್ರ. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ. ಆದ್ದರಿಂದ ಟಿಕೆಟ್ ಎರಡು ಸಾವಿರ ರೂಪಾಯಿ ಹೆಚ್ಚಾದರೂ ಸೋಮವಾರದಿಂದ ಗುರುವಾರದೊಳಗೆ ಬೆಳಿಗ್ಗೆ ಇಳಿಯುವ ವಿಮಾನ ಹಿಡಿಯಿರಿ. ಶನಿವಾರ ಸಂಜೆ ಇಳಿದರೆ ಎರಡು ರಾತ್ರಿಯ ಹೋಟೆಲ್ ಖರ್ಚು ಅದಕ್ಕಿಂತ ಬಹಳ ಹೆಚ್ಚು.

ವೇಗೇ, ಅಂದರೆ ಹಂಚಿಕೊಂಡ ಮನೆ

ಇಬ್ಬರೋ ಮೂವರೋ ನಾಲ್ವರೋ ಸೇರಿ ಒಂದು ಮನೆ ಹಿಡಿದು ಒಬ್ಬೊಬ್ಬರು ಒಂದು ಕೋಣೆಯಲ್ಲಿರುವ ಪದ್ಧತಿ ಇದು. ಕೆಮ್ನಿಟ್ಸ್‌ನಂಥ ಪೂರ್ವದ ಊರುಗಳಲ್ಲಿ 300ರ ಆಸುಪಾಸಿಗೂ ಕೋಣೆ ಸಿಗುತ್ತದೆ. ಮ್ಯೂನಿಕ್‌ನಲ್ಲಿ 700-800 ಸಾಮಾನ್ಯ. ಎಕ್ಸ್‌ಚೇಂಜ್‌ನವರು ನೋಡಬೇಕಾದ್ದು ಖಾಯಂ ಕೋಣೆಯನ್ನಲ್ಲ, ತ್ಸ್ವಿಶೆನ್‌ಮೀಟೆಯನ್ನು. ಅಲ್ಲಿಯ ವಿದ್ಯಾರ್ಥಿಯೇ ಒಂದು ಸೆಮಿಸ್ಟರ್ ಬೇರೆ ದೇಶಕ್ಕೆ ಹೊರಟಾಗ ತನ್ನ ಕೋಣೆಯನ್ನು ಸಾಮಾನು ಸಮೇತ ಒಳಬಾಡಿಗೆಗೆ ಕೊಡುತ್ತಾನೆ. ಅವರ ತಿಂಗಳು, ನಿಮ್ಮ ತಿಂಗಳು ಹೆಚ್ಚುಕಡಿಮೆ ತಾಳೆಯಾಗುತ್ತವೆ. 420 ಯೂರೋ ಕೋಣೆ ಐದೇ ತಿಂಗಳಿಗೆ ಅಂದರೆ 2,100. ಮೇಲೆ ಹೇಳಿದ ಹಾಸ್ಟೆಲಿನ 1,920ಕ್ಕೆ ದಿಂಬು-ಹೊದಿಕೆ-ಪಾತ್ರೆಯ ನೂರು ಸೇರಿಸಿದರೆ ವ್ಯತ್ಯಾಸ 80 ಯೂರೋಗೆ ಇಳಿಯುತ್ತದೆ. ನಡುಗಾತ್ರದ ಊರಿನಲ್ಲಿ ವೇಗೇ ದುಬಾರಿ ಎಂಬ ಮಾತು ಹೀಗೆ ಕರಗುತ್ತದೆ. ಮ್ಯೂನಿಕ್‌ನಲ್ಲಿ ಮಾತ್ರ ಕರಗುವುದಿಲ್ಲ.

ಜಾಹೀರಾತು ಓದುವಾಗ ಮೊದಲು ನೋಡಬೇಕಾದ್ದು ಬಾಡಿಗೆ ಕಾಲ್ಟ್ ಹೌದೋ ವಾರ್ಮ್ ಹೌದೋ ಎಂದು. ಕಾಲ್ಟ್ ಅಂದರೆ ಬರೀ ಗೋಡೆಗಳ ಬಾಡಿಗೆ. ವಾರ್ಮ್‌ನಲ್ಲಿ ಹೀಟರ್, ನೀರು, ಕಸ ಸೇರಿರುತ್ತವೆ, ಆದರೆ ಕರೆಂಟು ಮತ್ತು ಇಂಟರ್ನೆಟ್ ಅನೇಕ ಸಲ ಹೊರಗೇ ಉಳಿಯುತ್ತವೆ. ಆಮೇಲೆ ಆ ಹೆಚ್ಚುವರಿ ಖರ್ಚು ಪೌಷಾಲೆಯೋ ಫೋರ್‌ಔಸ್‌ತ್ಸಾಲುಂಗೋ ಕೇಳಿ. ಪೌಷಾಲೆ ಎಂದರೆ ಒಂದೇ ಮೊತ್ತ, ಮುಗಿಯಿತು. ಎರಡನೆಯದು ಮುಂಗಡ ಮಾತ್ರ. ವರ್ಷದ ಲೆಕ್ಕ ಮುಗಿದು 12 ತಿಂಗಳೊಳಗೆ ಯಾವಾಗ ಬೇಕಾದರೂ ಬಾಕಿ ಬಿಲ್ ಬರಬಹುದು, ಅಷ್ಟೊತ್ತಿಗೆ ನೀವು ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಇರುತ್ತೀರಿ. ಅದು ಇತ್ಯರ್ಥವಾಗುವವರೆಗೆ ಡಿಪಾಸಿಟ್ಟಿನ ಒಂದು ಭಾಗ ಅಲ್ಲೇ ಕೂರುತ್ತದೆ. ಐದಾರು ತಿಂಗಳಿಗೆ ಇಪ್ಪತ್ತು ಯೂರೋ ಹೆಚ್ಚಾದರೂ ಪೌಷಾಲೆಯೇ ಮೇಲು.

ಎರಡನೆಯದು ಆನ್‌ಮೆಲ್ಡುಂಗ್, ಅಂದರೆ ವಿಳಾಸ ನೋಂದಣಿ. ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ಮಾಡಿಸಬೇಕು, ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ಒಂದು ಪುಟದ ಪತ್ರ ಬೇಕು. ಒಳಬಾಡಿಗೆಯಲ್ಲಿ ಈ ಪತ್ರಕ್ಕೆ ನಿಮಗೆ ಕೋಣೆ ಕೊಟ್ಟ ಮೂಲ ಬಾಡಿಗೆದಾರನೇ ಸಹಿ ಹಾಕಬಹುದು, ಮನೆ ಮಾಲೀಕನೇ ಬೇಕೆಂದಿಲ್ಲ. "ನೋಂದಣಿ ಆಗುವುದಿಲ್ಲ" ಎಂದರೆ ಬಹುತೇಕ ಮಾಲೀಕನಿಗೆ ತಿಳಿಸದೆ ಕೊಡುತ್ತಿದ್ದಾರೆ ಎಂದೇ ತಿಳಿಯಿರಿ. ಬಾಡಿಗೆ ನೂರು ಕಡಿಮೆ ಇದ್ದರೂ ಬಿಡಿ. ನೋಂದಣಿ ಇಲ್ಲದೆ ವಾಸದ ಪರವಾನಗಿ ವಿಸ್ತರಿಸುವ ಕೆಲಸ ನಿಲ್ಲುತ್ತದೆ, ತೆರಿಗೆ ಸಂಖ್ಯೆ ಬರುವುದಿಲ್ಲ, ಕೆಲವು ಬ್ಯಾಂಕ್‌ಗಳಲ್ಲಿ ಖಾತೆಯೂ ತೆರೆಯುವುದಿಲ್ಲ. ಖಾತೆ ಇಲ್ಲದಿದ್ದರೆ ಬ್ಲಾಕ್ಡ್ ಅಕೌಂಟಿನ 992 ಇಳಿಯುವುದು ಎಲ್ಲಿಗೆ?

ಮೋಸದ ಜಾಹೀರಾತುಗಳು ಒಂದೇ ಅಚ್ಚಿನವು. ಮ್ಯೂನಿಕ್ ನಡುವೆ 350ಕ್ಕೆ ಪೂರ್ತಿ ಫ್ಲ್ಯಾಟು, ಮಾಲೀಕರು ವಿದೇಶದಲ್ಲಿ, ಡಿಪಾಸಿಟ್ ಕಳಿಸಿದರೆ ಕೀ ಅಂಚೆಯಲ್ಲಿ, ಜೊತೆಗೆ ಪಾಸ್‌ಪೋರ್ಟಿನ ಫೋಟೋ. ವಿಡಿಯೋ ಕರೆಯಲ್ಲಿ ಬೀದಿಯಿಂದ ಶುರುಮಾಡಿ ಕರೆಗಂಟೆಯ ಮೇಲಿನ ಹೆಸರು, ಮೆಟ್ಟಿಲು, ಕೋಣೆ, ಕಿಟಕಿಯಾಚೆ ಏನಿದೆ ಎಲ್ಲವನ್ನೂ ಒಂದೇ ಓಟದಲ್ಲಿ ತೋರಿಸಲು ಕೇಳಿ. ಮ್ಯೂನಿಕ್, ಫ್ರಾಂಕ್‌ಫರ್ಟ್‌ನಂಥ ಊರುಗಳಲ್ಲಿ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಿವೆ. ಹೋಗಿ ಮನೆ ನೋಡಿ ಬನ್ನಿ ಎಂದು ಕೇಳಿದರೆ ಇಲ್ಲ ಅನ್ನುವವರು ಕಡಿಮೆ.

ಒಳಗಿನ ಬಾಳ್ವೆ ವಿಚಾರ. ಸಸ್ಯಾಹಾರಿಗಳು ಪಾತ್ರೆ, ಫ್ರಿಜ್ಜಿನ ಅಟ್ಟದ ಮಾತನ್ನು ಮೊದಲ ಮಾತುಕತೆಯಲ್ಲೇ ತೆಗೆಯಬೇಕು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ, ಮತ್ತು ಭಾನುವಾರ ಇಡೀ ದಿನ ಸದ್ದು ಮಾಡುವಂತಿಲ್ಲ. ಇಡ್ಲಿಗೆ ರುಬ್ಬುವುದಿದ್ದರೆ ಶನಿವಾರವೇ ಮುಗಿಸಬೇಕು.

ಗೋಡೆಯ ಬೂಸ್ಟಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಲೇಬೇಕು, ಡಿಪಾಸಿಟ್ ಹೆಚ್ಚಾಗಿ ಕಡಿತವಾಗುವುದು ಇದರಿಂದಲೇ. ಡಿಸೆಂಬರಿನಲ್ಲಿ ಹೊರಗೆ ಸೊನ್ನೆ ಡಿಗ್ರಿ, ಒಳಗೆ ಇಪ್ಪತ್ತು. ಅನ್ನದ ಕುಕ್ಕರಿನ ಹಬೆ, ಬಿಸಿನೀರ ಸ್ನಾನ, ಕೋಣೆಯಲ್ಲೇ ಒಣಗಲು ಹಾಕಿದ ಬಟ್ಟೆ, ಇವುಗಳ ತೇವವೆಲ್ಲ ಹೊರಗೋಡೆಯ ತಣ್ಣನೆಯ ಮೂಲೆಗೆ ಹೋಗಿ ನೀರಾಗುತ್ತದೆ. ಕೆಲವೇ ವಾರಗಳಲ್ಲಿ ಬೀರುವಿನ ಹಿಂದೆ ಕಪ್ಪು ಚುಕ್ಕೆ ಏಳುತ್ತದೆ. ಕಿಟಕಿಯನ್ನು ಇಡೀ ದಿನ ಅರೆತೆರೆದು ಬಿಟ್ಟರೆ ಗೋಡೆ ಇನ್ನಷ್ಟು ತಣ್ಣಗಾಗಿ ಕೇಡು ಹೆಚ್ಚುತ್ತದೆ, ಹೀಟರ್ ಬಿಲ್ಲೂ ಏರುತ್ತದೆ. ದಿನಕ್ಕೆ ಮೂರು ಸಲ ಹೀಟರ್ ತಿರುಗಿಸಿ ನಿಲ್ಲಿಸಿ, ಕಿಟಕಿ ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಬಿಡಿ, ಮುಚ್ಚಿ, ಮತ್ತೆ ಹೀಟರ್ ಹಾಕಿ. ಬೀರುವನ್ನು ಹೊರಗೋಡೆಯಿಂದ ಒಂದು ಗೇಣು ದೂರ ಇಡಿ.

ಖಾಸಗಿ ಸ್ಟುಡಿಯೋ, ಮತ್ತೆರಡು ದಾರಿ

ವಿದ್ಯಾರ್ಥಿಗಳಿಗೆಂದೇ ಕಟ್ಟಿದ ಖಾಸಗಿ ಕಟ್ಟಡಗಳಲ್ಲಿ ಒಂದು ಕೋಣೆ, ಮೂಲೆಯಲ್ಲಿ ಅಡುಗೆ, ಸ್ವಂತ ಸ್ನಾನದ ಮನೆ, ಎಲ್ಲ ಸೇರಿ 600ರಿಂದ 900. ಬೆಂಗಳೂರಿನಲ್ಲಿ ಕೂತೇ ಬುಕ್ ಮಾಡಬಹುದು, ನೋಂದಣಿಗೆ ತಕರಾರಿಲ್ಲ, ಮನೆಮಂದಿಯ ಸಂದರ್ಶನ ಇಲ್ಲ. ಆದರೆ ಕನಿಷ್ಠ ಅವಧಿ ಅನೇಕ ಕಡೆ ಆರು ಅಥವಾ 12 ತಿಂಗಳು, ಐದು ತಿಂಗಳಿಗೆ ಹೋಗುವವರು ಆ ಸಾಲನ್ನು ಓದದೆ ಸಹಿ ಹಾಕಬಾರದು. ಮಲಗುವ ಕೋಣೆಯಲ್ಲಿ ಹೊಗೆ ಅಲಾರಂ ಕಡ್ಡಾಯ, ಇಲ್ಲಿ ಅಡುಗೆಯೂ ಅದೇ ಕೋಣೆಯಲ್ಲಿ. ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆಗೆ ಅದು ಬಡಿದುಕೊಳ್ಳುತ್ತದೆ. ದೊಡ್ಡ ಕಟ್ಟಡದಲ್ಲಿ ಅಲಾರಂ ಅಗ್ನಿಶಾಮಕ ದಳಕ್ಕೇ ಜೋಡಿಸಿದ್ದರೆ ಸುಳ್ಳು ಕರೆಯ ಖರ್ಚು ನಿಮ್ಮ ತಲೆಗೆ ಬರಬಹುದು. ಕಿಟಕಿ ತೆರೆದು, ಎಣ್ಣೆ ಹೊಗೆಯಾಡುವ ಮೊದಲೇ ಸಾಸಿವೆ ಹಾಕಿ ಮುಚ್ಚಳ ಮುಚ್ಚಿ. ಐದಾರು ತಿಂಗಳ ಮಟ್ಟಿಗೆ ಇದು ಕೊನೆಯ ಆಯ್ಕೆ ಎಂದೇ ನಮ್ಮ ಅಭಿಪ್ರಾಯ.

ಮ್ಯೂನಿಕ್‌ಗೆ ಹೋಗುವವರು ಆಗ್ಸ್‌ಬರ್ಗ್‌ ಕಡೆಗೂ ನೋಡಬಹುದು. ಸಾಮಾನ್ಯ ರೈಲಿನಲ್ಲಿ ಮುಕ್ಕಾಲು ಗಂಟೆಯ ಆಸುಪಾಸು, ಕೋಣೆ ಅಗ್ಗ. ದೇಶದ ಸಾಮಾನ್ಯ ರೈಲು-ಬಸ್ಸಿಗೆಲ್ಲ ನಡೆಯುವ ಡಾಯ್ಚ್‌ಲಾಂಡ್ ಟಿಕೆಟ್ ತಿಂಗಳಿಗೆ 2025ರಲ್ಲಿ 58 ಇತ್ತು, 2026ರ ಜನವರಿಯಿಂದ 63. ವಿಶ್ವವಿದ್ಯಾಲಯವೇ ಎಲ್ಲ ವಿದ್ಯಾರ್ಥಿಗಳಿಗೂ ಒಟ್ಟಾಗಿ ಕೊಳ್ಳುವ ಸೆಮಿಸ್ಟರ್ ಟಿಕೆಟ್ ಇದ್ದರೆ ಅದರ 60 ಶೇಕಡ ಬೆಲೆ. ಅತಿವೇಗದ ಐಸಿಇ ರೈಲಿಗೆ ಇದು ನಡೆಯುವುದಿಲ್ಲ. ರೈಲು ತಡವಾಗುವುದು ಮಾಮೂಲು, ಬೆಳಿಗ್ಗೆ ಎಂಟರ ಲ್ಯಾಬ್ ಇರುವವರಿಗೆ ಈ ದಾರಿ ಬೇಡ.

ಇನ್ನೊಂದು "ವೋನೆನ್ ಫ್ಯೂರ್ ಹಿಲ್ಫೆ". ವಯಸ್ಸಾದವರ ಅಥವಾ ಮಕ್ಕಳಿರುವ ಕುಟುಂಬದ ಮನೆಯಲ್ಲಿ ಕೋಣೆ, ಬಾಡಿಗೆ ಇಲ್ಲ. ಕೋಣೆಯ ಪ್ರತಿ ಚದರ ಮೀಟರಿಗೆ ತಿಂಗಳಿಗೆ ಒಂದು ಗಂಟೆ ಸಹಾಯ, ಅಂದರೆ 15 ಚದರ ಮೀಟರಿಗೆ 15 ಗಂಟೆ. ಕರೆಂಟು, ನೀರಿನ ಖರ್ಚು ಬೇರೆ. ಸಹಾಯ ಅಂದರೆ ಅಂಗಡಿಯಿಂದ ಸಾಮಾನು ತರುವುದು, ತೋಟದ ಕೆಲಸ, ಮನೆ ಗುಡಿಸುವುದು ಇಂಥವು. ಒಂದಿಷ್ಟು ಜರ್ಮನ್ ಬರುವವರಿಗೆ ಇದಕ್ಕಿಂತ ಅಗ್ಗದ್ದು ಇಲ್ಲ, ಭಾಷೆಯೂ ಬಲಿಯುತ್ತದೆ. ಆದರೆ ಹೆಚ್ಚಿನವರು ದೀರ್ಘ ಕಾಲ ಇರುವವರನ್ನೇ ಕೇಳುತ್ತಾರೆ.

ಊಟ: ಮೆನ್ಸಾ ಮತ್ತು ಸ್ವಂತ ಒಲೆ

ಮೆನ್ಸಾದಲ್ಲಿ ವಿದ್ಯಾರ್ಥಿ ಕಾರ್ಡಿಗೆ ಒಂದು ಬಿಸಿಯೂಟ ಮೂರರಿಂದ ಐದು ಯೂರೋ, ಸಸ್ಯಾಹಾರಿ ತಟ್ಟೆ ದಿನವೂ ಇರುತ್ತದೆ. ಕಾರ್ಡಿಲ್ಲದೆ ಹೋದರೆ ಅತಿಥಿ ದರ, ಅದು ಹೆಚ್ಚು. ಹೊರಗಿನ ಹೋಟೆಲಿನಲ್ಲಿ ಒಂದು ಊಟಕ್ಕೆ 12ರಿಂದ 15. ಮಧ್ಯಾಹ್ನ ಮೆನ್ಸಾ, ರಾತ್ರಿ ಸ್ವಂತ ಅಡುಗೆ ಎಂದು ಹಿಡಿದವರಿಗೆ ತಿಂಗಳಿಗೆ 200ರ ಹತ್ತಿರ ಸಾಕಾಗುತ್ತದೆ. ಹಾಲು, ಮೊಸರು, ಆಲೂಗಡ್ಡೆ ಆಲ್ಡಿ, ಲಿಡ್ಲ್, ಪೆನ್ನಿಯಂಥ ಸೂಪರ್‌ಮಾರ್ಕೆಟ್ಟಿನಲ್ಲಿ. ಕೊತ್ತಂಬರಿ, ಹಸಿಮೆಣಸಿನಕಾಯಿ, ಬದನೆ ಟರ್ಕಿಯವರ ಅಂಗಡಿಯಲ್ಲಿ. ತೊಗರಿಬೇಳೆ, ಸೋನಾ ಮಸೂರಿ ಏಷ್ಯನ್ ಅಂಗಡಿಯಲ್ಲಿ ದೊಡ್ಡ ಚೀಲಕ್ಕೇ ಅಗ್ಗ. ಊರಿಂದ ಹೊರುವುದಿದ್ದರೆ ಸಾರಿನ ಪುಡಿ, ಹುಣಸೆ, ರಾಗಿ ಹಿಟ್ಟು ಹೊರಿ, ಅಕ್ಕಿ ಬೇಡ. ಕುಕ್ಕರ್ ತರುವವರು ತಳ ಚಪ್ಪಟೆ ಇರುವ ಸ್ಟೀಲಿನದೇ ತನ್ನಿ. ಮಾಮೂಲಿ ಅಲ್ಯೂಮಿನಿಯಂ ಕುಕ್ಕರ್ ಗಾಜಿನ ಒಲೆಯ ಮೇಲೆ ಕಾಯುತ್ತದೆ, ಇಂಡಕ್ಷನ್ ಮೇಲೆ ಕಾಯುವುದೇ ಇಲ್ಲ. ನಮ್ಮ ಮಿಕ್ಸಿ 230 ವೋಲ್ಟಿನಲ್ಲಿ ಅಲ್ಲೂ ನಡೆಯುತ್ತದೆ, ಅರ್ಥಿಂಗ್ ಇರುವ ಅಡಾಪ್ಟರ್ ಸಾಕು.

ಡಿಪಾಸಿಟ್ ಮತ್ತು ಹೊರಡುವ ದಿನ

ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಜರ್ಮನಿಯ ನಿಯಮ ಸಮಾಧಾನ ಕೊಡುತ್ತದೆ: ಡಿಪಾಸಿಟ್ ಮೂರು ತಿಂಗಳ ಕಾಲ್ಟ್ ಬಾಡಿಗೆ ಮೀರುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಕಾನೂನಿನಲ್ಲೇ ಇದೆ. ಬ್ಲಾಕ್ಡ್ ಅಕೌಂಟಿನಿಂದ ಮೊದಲ ತಿಂಗಳು ಇಳಿಯುವುದು 992 ಮಾತ್ರ, ಅದೂ ಖಾತೆ ತೆರೆದ ಮೇಲೆ. ಆದ್ದರಿಂದ ಮೊದಲ ಬಾಡಿಗೆ ಮತ್ತು ಡಿಪಾಸಿಟ್ಟಿಗೆ ಬೇಕಾದಷ್ಟನ್ನು ಫಾರೆಕ್ಸ್ ಕಾರ್ಡಿನಲ್ಲಿ ಬೇರೆಯೇ ಇಟ್ಟುಕೊಂಡು ಹೋಗಿ.

ಮನೆ ಸೇರುವ ದಿನ ಮೀಟರ್ ಅಂಕಿ, ಗೋಡೆಯ ಗೀರು, ಒಲೆ, ಹಾಸಿಗೆಯ ಕಲೆ ಎಲ್ಲವನ್ನೂ ಹಸ್ತಾಂತರದ ಪತ್ರದಲ್ಲಿ ಬರೆಸಿ ಇಬ್ಬರೂ ಸಹಿ ಹಾಕಿ. ಹೊರಡುವ ದಿನ ಅದೇ ಪತ್ರ ಹಿಡಿದು ಮತ್ತೆ ಸುತ್ತು ಹಾಕಿ. ಡಿಪಾಸಿಟ್ ಮರಳಲು ಮೂರರಿಂದ ಆರು ತಿಂಗಳು ಹಿಡಿಯುವುದು ಸಾಮಾನ್ಯ, ಹಾಗಾಗಿ ಅಲ್ಲಿಯ ಬ್ಯಾಂಕ್ ಖಾತೆಯನ್ನು ವಿಮಾನ ಹತ್ತುವ ಮುನ್ನ ಮುಚ್ಚಬೇಡಿ. ವಿಳಾಸ ರದ್ದು ಮಾಡಿಸುವುದನ್ನು ಹೊರಡುವ ಒಂದು ವಾರ ಮೊದಲೇ ಮಾಡಬಹುದು. ಅಲ್ಲಿ ಸಿಗುವ ಪ್ರಮಾಣಪತ್ರದ ಪ್ರತಿ ಇಟ್ಟುಕೊಂಡು ವಿಮೆ, ಮೊಬೈಲ್ ಮತ್ತು ರೇಡಿಯೋ-ಟಿವಿ ಶುಲ್ಕಕ್ಕೆ ಒಂದೊಂದಕ್ಕೂ ಬೇರೆಬೇರೆ ಬರೆಯಿರಿ. ಶುಲ್ಕದ ಕಚೇರಿಗೆ ನೀವು ಬರೆಯದಿದ್ದರೆ ಮೂರು ತಿಂಗಳಿಗೊಮ್ಮೆ 55.08ರ ಬಿಲ್ ಹಳೆಯ ವಿಳಾಸಕ್ಕೆ ಬರುತ್ತಲೇ ಇರುತ್ತದೆ, ದಂಡ ಸೇರುತ್ತಾ ಹೋಗುತ್ತದೆ.