ಡಿಎನ್‌ಎಸ್ ಕ್ಯಾಶ್ ಅಳಿಸುವುದೋ, ಡಿಎನ್‌ಎಸ್ ಸರ್ವರ್ ಬದಲಿಸುವುದೋ?

ಡಿಎನ್‌ಎಸ್ ಎಂದರೆ ಜಾಲತಾಣದ ಹೆಸರಿಗೆ ಅದರ ಅಂಕಿಗಳ (ಐಪಿ) ವಿಳಾಸ ಹುಡುಕಿಕೊಡುವ ವ್ಯವಸ್ಥೆ; ಕ್ಯಾಶ್ ಎಂದರೆ ಕಂಪ್ಯೂಟರ್ ನೆನಪಿಟ್ಟುಕೊಂಡ ಆ ವಿಳಾಸಗಳು. ದಾವಣಗೆರೆಯ ಮನೆಯಲ್ಲಿ ಎಲ್ಲ ತಾಣಗಳೂ ಬಂದು ಒಂದು ಮಾತ್ರ ಕೈಕೊಟ್ಟರೆ, ಮೊದಲು ಅದನ್ನು ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ. ಅಲ್ಲೂ ಬರದಿದ್ದರೆ ತೊಂದರೆ ಬಹುಪಾಲು ತಾಣದ್ದೇ, ಕಾಯಬೇಕು.

ಅಳಿಸುವುದು: ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ipconfig /flushdns’ ಕೊಟ್ಟರೆ ಮುಗಿಯಿತು. ತಾಣ ಸರ್ವರ್ ಬದಲಿಸಿದ ಮೇಲೂ ಕಂಪ್ಯೂಟರಿನಲ್ಲಿ ಉಳಿದ ಹಳೆಯ ಐಪಿ ವಿಳಾಸ ಹೋಗುತ್ತದೆ. ಇಂಟರ್ನೆಟ್ ಕಂಪನಿಯ ಡಿಎನ್‌ಎಸ್‌ನಲ್ಲೇ ಹಳೆಯದು ಕೂತಿದ್ದರೆ ಮಾತ್ರ ಪ್ರಯೋಜನವಿಲ್ಲ.

ಬದಲಿಸುವುದು: ವಿಂಡೋಸ್ 11ರ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ ‘ಮ್ಯಾನ್ಯುಯಲ್’ ಮಾಡಿ, ಐಪಿವಿ4 ಆನ್ ಮಾಡಿ, 1.1.1.1 (ಕ್ಲೌಡ್‌ಫ್ಲೇರ್‌ನ ಡಿಎನ್‌ಎಸ್) ಮತ್ತು 8.8.8.8 (ಗೂಗಲ್‌ನದು) ತುಂಬಿ. ಫೋನಿನಲ್ಲಿ ಬರುವ ತಾಣಕ್ಕೆ ಬ್ರೌಸರ್ ‘ಎನ್‌ಎಕ್ಸ್‌ಡೊಮೈನ್’ (NXDOMAIN, ಅಂದರೆ ಆ ಹೆಸರಿನ ತಾಣವೇ ಇಲ್ಲ) ಎನ್ನುತ್ತಿದ್ದು, ಅಳಿಸಿದರೂ ಹೋಗದಿದ್ದರೆ ನಮ್ಮ ಆಯ್ಕೆ ಇದೇ.

ಸರ್ಟಿಫಿಕೇಟ್ (ತಾಣ ಅಸಲಿ ಎಂದು ತೋರಿಸುವ, ಅವಧಿಯುಳ್ಳ ಪ್ರಮಾಣಪತ್ರ) ಎಚ್ಚರಿಕೆ ಬಂದರೆ ಎರಡೂ ಬೇಡ. ಕಂಪ್ಯೂಟರಿನ ಗಡಿಯಾರ ನೋಡಿ, ತಾರೀಖು ತಪ್ಪಿದ್ದರೆ ಸರಿಯಾದ ಸರ್ಟಿಫಿಕೇಟ್ ಕೂಡ ಅವಧಿಯಲ್ಲಿಲ್ಲ ಎನಿಸುತ್ತದೆ; ಹಳೆಯ ಪಿಸಿಯಲ್ಲಿ ಗಡಿಯಾರ ನಡೆಸುವ ಮದರ್‌ಬೋರ್ಡಿನ ಸಿಆರ್2032 ಸೆಲ್ ಮುಗಿದು ತಾರೀಖು ಹಿಂದಕ್ಕೆ ಹೋಗಿರಬಹುದು.