ವಿ-ಡೆಮ್ ದತ್ತಾಂಶ: ಎಂ.ಎ. ಪ್ರಬಂಧಕ್ಕೆ ಕೂತವರು ಕೋಡ್‌ಬುಕ್ಕಿನಿಂದ ಶುರು ಮಾಡಲಿ

ರಾಜ್ಯಶಾಸ್ತ್ರದ ಎಂ.ಎ. ಪ್ರಬಂಧಕ್ಕಾಗಿ ಸಂಶೋಧನಾ ವಿಧಾನ ಕಲಿಯುವವರಿಗೆ ದುಡ್ಡಿಲ್ಲದೆ ಸಿಗುವ ಸಾಮಗ್ರಿಗಳಲ್ಲಿ ವಿ-ಡೆಮ್ (ವೆರೈಟೀಸ್ ಆಫ್ ಡೆಮಾಕ್ರಸಿ) ಎಂಬ ದತ್ತಾಂಶಕ್ಕೆ ಮೊದಲ ಸ್ಥಾನ ಕೊಡಬಹುದು. ಸ್ವೀಡನ್ನಿನ ಗೊಥೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿರುವ ಸಂಸ್ಥೆ ಇದನ್ನು ನಡೆಸುತ್ತದೆ. 1789ರಿಂದ ಈಚೆಗೆ ಯಾವ ದೇಶದಲ್ಲಿ ಎಷ್ಟು ಪ್ರಜಾಪ್ರಭುತ್ವ ಇತ್ತು ಎಂಬುದರ ಅಳತೆ ಇದರಲ್ಲಿದೆ. ಆದರೆ ಇದರ ನಿಜವಾದ ಬೆಲೆ ಇರುವುದು ಅಂಕಿಗಳಿಗಿಂತ ಹೆಚ್ಚಾಗಿ ಕೋಡ್‌ಬುಕ್ಕಿನಲ್ಲಿ, ಅಂದರೆ ಪ್ರತಿ ಕಾಲಂ ಏನನ್ನು ಹೇಗೆ ಅಳೆಯುತ್ತದೆ ಎಂದು ವಿವರಿಸುವ ಕೈಪಿಡಿಯಲ್ಲಿ. ಒಂದು ಪರಿಕಲ್ಪನೆ ಸಂಖ್ಯೆಯಾಗುವ ದಾರಿಯನ್ನು ಇಷ್ಟು ಬಿಚ್ಚಿ ತೋರಿಸುವ ಪಠ್ಯ ಸಿಗುವುದು ಕಷ್ಟ.

ಸ್ವಿಟ್ಜರ್‌ಲೆಂಡನ್ನೇ ನೋಡಿ. ಪಾಲಿಟಿ ಎಂಬ ಇನ್ನೊಂದು ದತ್ತಾಂಶದ ಅಳತೆ -10ರಿಂದ +10ರವರೆಗೆ. ಅದರಲ್ಲಿ ಈ ದೇಶಕ್ಕೆ 1848ರಿಂದಲೇ 10. ವಿ-ಡೆಮ್‌ನ ಚುನಾವಣಾ ಪ್ರಜಾಪ್ರಭುತ್ವ ಸೂಚ್ಯಂಕದ ಗೆರೆಯಾದರೋ 1971ರಲ್ಲಿ ಥಟ್ಟನೆ ಮೇಲೇರುತ್ತದೆ. ಹೆಂಗಸರಿಗೆ ರಾಷ್ಟ್ರಮಟ್ಟದಲ್ಲಿ ಮತದ ಹಕ್ಕು ಸಿಕ್ಕಿದ್ದು ಆ ವರ್ಷ. ವಿ-ಡೆಮ್ ಮತದ ಹಕ್ಕಿದ್ದವರ ಪಾಲನ್ನು ಸೂಚ್ಯಂಕದೊಳಗೆ ಸೇರಿಸುತ್ತದೆ, ಪಾಲಿಟಿ ಸೇರಿಸುವುದಿಲ್ಲ. ಅರ್ಧ ಜನಕ್ಕೆ ಮತವೇ ಇಲ್ಲದ ದೇಶವನ್ನು ಪೂರ್ಣ ಪ್ರಜಾಪ್ರಭುತ್ವ ಎನ್ನಬಹುದೇ ಎಂಬ ಪ್ರಶ್ನೆಗೆ ಎರಡೂ ಮೊದಲೇ ಉತ್ತರ ಕೊಟ್ಟುಕೊಂಡು ಅಳತೆಗೆ ಇಳಿದಿವೆ. ವಿ-ಡೆಮ್‌ನ ತಾಣದಲ್ಲಿರುವ ಗ್ರಾಫ್ ಸಾಧನದಲ್ಲಿ ಈ ಸೂಚ್ಯಂಕವನ್ನೂ ಮತದ ಹಕ್ಕಿನ ವೇರಿಯಬಲನ್ನೂ ಒಟ್ಟಿಗೆ ಬಿಡಿಸಿ ನೋಡಿ. ಅಳತೆಯ ಸಿಂಧುತ್ವ, ಅಂದರೆ ಅಳೆಯಬೇಕಾದ್ದನ್ನೇ ಅಳೆಯುತ್ತಿದ್ದೇವೆಯೇ ಎಂಬುದು, ಏನೆಂದು ಕಣ್ಣಿಗೇ ಕಾಣುತ್ತದೆ.

ಕಡತ ಇಳಿಸಿಕೊಳ್ಳುವಾಗ ಎಚ್ಚರ ಬೇಕು. ಪ್ರತಿ ದೇಶದ ಪ್ರತಿ ವರ್ಷಕ್ಕೆ ಒಂದೊಂದು ಸಾಲು ಇರುವ ಪೂರ್ಣ ದೇಶ-ವರ್ಷ ಕಡತದಲ್ಲಿ 27 ಸಾವಿರಕ್ಕೂ ಹೆಚ್ಚು ಸಾಲು, 4 ಸಾವಿರಕ್ಕೂ ಹೆಚ್ಚು ಕಾಲಂ. ಎಕ್ಸೆಲ್‌ನಲ್ಲಿ ತೆರೆದರೆ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಆರ್ ಅಥವಾ ಸ್ಟೇಟಾ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ ತೆರೆದು, ಬೇಕಾದ 10-15 ಕಾಲಂ ಮಾತ್ರ ಉಳಿಸಿಕೊಂಡು ಬೇರೆ ಕಡತ ಮಾಡಿಕೊಳ್ಳಿ. ಯಾವುದನ್ನು ಉಳಿಸಬೇಕು ಎಂಬುದು ಸಂಶೋಧನಾ ಪ್ರಶ್ನೆಯಿಂದ ಬರಬೇಕು. ಕಾಲಂಗಳನ್ನು ಒಂದೊಂದಾಗಿ ಹಾಕಿ ನೋಡುತ್ತಾ ಹೋದರೆ ಯಾವುದೋ ಒಂದು ಆಕಸ್ಮಿಕವಾಗಿಯೇ ಮಹತ್ವದ್ದಾಗಿ ಕಾಣುತ್ತದೆ, ಪರೀಕ್ಷಕರು ಅದನ್ನು ಮೊದಲು ಹಿಡಿಯುತ್ತಾರೆ.

ಪ್ರಬಂಧಗಳು ಹೆಚ್ಚಾಗಿ ಕೆಡುವುದು ಸುತ್ತುವಾದದಲ್ಲಿ, ಅಂದರೆ ಒಂದನ್ನು ಅದರದೇ ಭಾಗದಿಂದ ವಿವರಿಸುವುದರಲ್ಲಿ. ಸರ್ಕಾರದ ಮೇಲೆ ನ್ಯಾಯಾಂಗದ ಕಡಿವಾಣ ಬಲವಾಗಿದ್ದರೆ ಉದಾರ ಪ್ರಜಾಪ್ರಭುತ್ವ ಹೆಚ್ಚುತ್ತದೆಯೇ ಎಂದು ಕೇಳಿ, ಎರಡಕ್ಕೂ ವಿ-ಡೆಮ್ ಸೂಚ್ಯಂಕವನ್ನೇ ಹಾಕಿದರೆ ಸಂಬಂಧ ಭರ್ಜರಿಯಾಗಿ ಬರುತ್ತದೆ. ಬರದೆ ಏನು? ನ್ಯಾಯಾಂಗದ ಕಡಿವಾಣ ಉದಾರ ಸೂಚ್ಯಂಕದ ಒಂದು ಭಾಗವೇ. ಸಂಘಟನೆಯ ಸ್ವಾತಂತ್ರ್ಯ, ಅಭಿವ್ಯಕ್ತಿ ಸ್ವಾತಂತ್ರ್ಯ, ಮುಕ್ತ ಚುನಾವಣೆ ಇವೆಲ್ಲ ಚುನಾವಣಾ ಸೂಚ್ಯಂಕದೊಳಗಿವೆ. ಆ ಚುನಾವಣಾ ಸೂಚ್ಯಂಕ ಮತ್ತೆ ಉದಾರ, ಸಹಭಾಗಿ, ಸಮಾಲೋಚನಾ, ಸಮತಾ ಎಂಬ ಉಳಿದ ನಾಲ್ಕು ಮೇಲುಸೂಚ್ಯಂಕಗಳಲ್ಲೂ ಕೂತಿದೆ. ಕೋಡ್‌ಬುಕ್ಕಿನಲ್ಲಿ ಪ್ರತಿ ಸೂಚ್ಯಂಕದ ಒಟ್ಟುಗೂಡಿಸುವ ವಿಧಾನ ಬರೆದಿರುತ್ತದೆ. ಅದನ್ನು ಓದದೆ ರಿಗ್ರೆಶನ್ (ಒಂದರ ಜೊತೆ ಇನ್ನೊಂದರ ಸಂಬಂಧ ಅಳೆಯುವ ಲೆಕ್ಕ) ಓಡಿಸಬೇಡಿ.

ಇನ್ನೊಂದು ಗೊಂದಲ: ವಿ-ಡೆಮ್ ತಜ್ಞರಿಗೆ ಕೇಳುವ ಪ್ರಶ್ನೆಗೆ ಕೋಡ್‌ಬುಕ್ಕಿನಲ್ಲಿ 0ಯಿಂದ 4ರವರೆಗೆ ಉತ್ತರ ಎಂದಿರುತ್ತದೆ, ಕಡತದಲ್ಲಿ ಮೈನಸ್ ಸಂಖ್ಯೆ ಕಾಣುತ್ತದೆ. ಅದು ತಪ್ಪಲ್ಲ. ಇಂಥ ಪ್ರಶ್ನೆಗಳಿಗೆ ಸಾಮಾನ್ಯವಾಗಿ 5 ಅಥವಾ ಹೆಚ್ಚು ತಜ್ಞರು ಉತ್ತರಿಸುತ್ತಾರೆ. ಒಬ್ಬೊಬ್ಬರ ಕೈ ಬಿಗಿ, ಒಬ್ಬೊಬ್ಬರದು ಸಡಿಲ. ಆ ವ್ಯತ್ಯಾಸವನ್ನು ಸಂಖ್ಯಾಶಾಸ್ತ್ರದ ಮಾದರಿಯೊಂದು ಸರಿದೂಗಿಸಿ ಹೊಸ ಅಳತೆಪಟ್ಟಿಯಲ್ಲಿ ಕೂರಿಸುತ್ತದೆ. ಮೂಲದ 0-4 ಬೇಕಿದ್ದರೆ ಹೆಸರಿನ ಕೊನೆಗೆ 'ಓಆರ್‌ಡಿ' (ord) ಅಥವಾ 'ಓಎಸ್‌ಪಿ' (osp) ಇರುವ ಕಾಲಂ ಹಿಡಿಯಿರಿ. 'ಕೋಡ್‌ಲೋ' (codelow), 'ಕೋಡ್‌ಹೈ' (codehigh) ಎಂಬ ಜೋಡಿ ಅಂದಾಜಿನ ಅನಿಶ್ಚಿತತೆಯನ್ನು ಹೇಳುತ್ತದೆ. ಅದು ಸುಮಾರು ಶೇ. 68ರ ಅಂತರ (ನಿಜವಾದ ಅಂಕ ಈ ಎರಡರ ನಡುವೆ ಇರುವ ಸಂಭವ ಅಷ್ಟು), ಶೇ. 95ರದ್ದಲ್ಲ. ಎರಡು ವರ್ಷಗಳ ಅಂತರಗಳು ಒಂದರ ಮೇಲೊಂದು ಬಿದ್ದಿದ್ದರೆ 'ಪ್ರಜಾಪ್ರಭುತ್ವ ಕುಸಿಯಿತು' ಎಂದು ಬರೆಯಲು ಆತುರ ಬೇಡ.

ವಿಶ್ವಬ್ಯಾಂಕಿನ ಆರ್ಥಿಕ ಅಂಕಿಗಳ ಜೊತೆ ಜೋಡಿಸುವಾಗ ದೇಶದ ಹೆಸರನ್ನು ನಂಬಬೇಡಿ. ಇಲ್ಲಿ 'ಬರ್ಮಾ/ಮ್ಯಾನ್ಮಾರ್', ಅಲ್ಲಿ ಬರೀ 'ಮ್ಯಾನ್ಮಾರ್'. ಹೆಸರು ಹೊಂದದ ದೇಶಗಳು ಸದ್ದಿಲ್ಲದೆ ಉದುರಿಹೋಗುತ್ತವೆ. ಮೂರಕ್ಷರದ ದೇಶ ಸಂಕೇತ ಮತ್ತು ವರ್ಷ ಎರಡನ್ನೂ ಹಿಡಿದು ಜೋಡಿಸಿ, ಜೋಡಿಸುವ ಮೊದಲೂ ಆಮೇಲೂ ಸಾಲುಗಳನ್ನು ಎಣಿಸಿ.

ಸಂದರ್ಶನ, ಭಾಷಣಗಳ ವಿಶ್ಲೇಷಣೆ ಮಾಡುವವರಿಗೆ ಇದರಿಂದ ಹೆಚ್ಚು ಉಪಯೋಗವಿಲ್ಲ. ಒಂದು ವಿಷಯಕ್ಕೆ ಮಾತ್ರ ಅವರೂ ತೆರೆಯಬೇಕು: ಎರಡು ದೇಶಗಳನ್ನು ಹೋಲಿಸಲು ಆಯ್ದದ್ದು ಏಕೆ ಎಂದು ಸಮರ್ಥಿಸುವುದಕ್ಕೆ. ಕಾರಣ-ಪರಿಣಾಮ ಸಾಧಿಸುವ ವಿದ್ಯೆಯನ್ನೂ ಇದು ಕಲಿಸುವುದಿಲ್ಲ, ಅದಕ್ಕೆ ಬೇರೆ ಓದು ಬೇಕೇ ಬೇಕು.

ವರ್ಷಕ್ಕೊಂದು ಹೊಸ ಆವೃತ್ತಿ ಬಂದಾಗ ಮಾದರಿಯನ್ನು ಮತ್ತೆ ಓಡಿಸುವುದರಿಂದ ಹಿಂದಿನ ವರ್ಷಗಳ ಅಂಕಗಳೂ ತುಸು ಅಲುಗುತ್ತವೆ. ಪ್ರಬಂಧದ ನಡುವೆ ಆವೃತ್ತಿ ಬದಲಿಸಬೇಡಿ. ಇಳಿಸಿದ ಕಡತವನ್ನು ಮುಟ್ಟದೆ ಹಾಗೇ ಇಟ್ಟು, ಆವೃತ್ತಿ ಸಂಖ್ಯೆಯನ್ನು ವಿಧಾನದ ಅಧ್ಯಾಯದ ಮೊದಲ ಪುಟದಲ್ಲೇ ಬರೆದುಬಿಡಿ.